ಆಪತ್ತಿಗಾದವನೇ ನೆಂಟನೆ?

‘ಆಪತ್ತಿಗಾದವನೇ ನೆಂಟ’ ಎಂಬ ಗಾದೆಯನ್ನು ನಮ್ಮ ಹಿರಿಯರು ನಾಲ್ಕು ಜನರನ್ನು ಕಂಡು, ನೊಂದು ಕಟ್ಟಿರಬೇಕು. ನಾನೂ ಬಹುಕಾಲ ಅದನ್ನು ಒರೆಗಲ್ಲಿನಂತೆ ಬಳಸಿದವನೇ. ತಂದೆಯವರು ಹಾಸಿಗೆ ಹಿಡಿದ ವರ್ಷ ನಮ್ಮ ಮನೆಯ ಕಡೆ ತಲೆಹಾಕದ ಗೆಳೆಯನೊಬ್ಬನ ಹೆಸರನ್ನು ಮನಸ್ಸಿನಿಂದ ಹೊಡೆದುಹಾಕಿದೆ. ಇಪ್ಪತ್ತು ವರ್ಷ ನಮ್ಮಲ್ಲಿ ಕಾಫಿ ಕುಡಿದವನು. ಒಂದು ದಿನ ಬರಲಾಗಲಿಲ್ಲವೆ? ನನ್ನ ತೀರ್ಪಿನ ವಿಚಾರದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆ ಅನುಮಾನವನ್ನು ಹುಟ್ಟಿಸಿದ್ದು, ಹೇಳಿದರೆ ನಗುತ್ತೀರಿ, ಸಮುದ್ರದ ಹವಳ.

ಹವಳವೆಂದರೆ ನಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ. ನಾನು ಹೇಳುತ್ತಿರುವುದು ಅದಲ್ಲ. ಬಿಸಿಲು ಇಳಿಯುವ ತಿಳಿನೀರಿನಲ್ಲಿ ದಿಬ್ಬ ಕಟ್ಟುವ ಹವಳ. ಆಸ್ಟ್ರೇಲಿಯದ ಈಶಾನ್ಯ ಕರಾವಳಿಯ ಉದ್ದಕ್ಕೂ ಸುಮಾರು 2,300 ಕಿಲೋಮೀಟರು ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಇದರ ಕೈಗೆಲಸ. ಕಟ್ಟುವ ಪ್ರಾಣಿಯೋ ಬಾಯುಳ್ಳ ಒಂದು ಪುಟ್ಟ ಚೀಲವಷ್ಟೆ. ಅದರ ಜೀವಕೋಶಗಳ ಒಳಗೆ ಬರಿಗಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿದೆ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಒಪ್ಪಿಸುತ್ತದೆ. ಹವಳ ತನ್ನ ಉಸಿರಿನ ಇಂಗಾಲಾಮ್ಲವನ್ನೂ ಮೈಯ ಸಾರಜನಕದ ಕಸವನ್ನೂ ಪಾಚಿಗೆ ಕೊಡುತ್ತದೆ. ಒಬ್ಬನ ಕಸ ಇನ್ನೊಬ್ಬನ ಊಟ. ಹವಳದ ಬಣ್ಣ ಕೂಡ ಬಹುಮಟ್ಟಿಗೆ ಈ ಬಿಡಾರದವನದೇ.

ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ನೀರಿನ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿ ಕೆಲವು ವಾರ ನಿಂತರೆ ಸಾಕು, ಈ ಸಂಸಾರ ಒಡೆಯುತ್ತದೆ. ಪಾಚಿ ಹೊರಬೀಳುತ್ತದೆ, ತೆಳುಮೈಯ ಕೆಳಗಿನ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. 1928-29ರಲ್ಲಿ ಅದೇ ದಿಬ್ಬಸಾಲಿನ ಲೋ ಐಲ್ಸ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಮಾರಿಸ್ ಯಂಗ್ ಎಂಬ ಬ್ರಿಟಿಷ್ ವಿಜ್ಞಾನಿಯ ತಂಡ ಇದನ್ನು ಕಂಡು ಬರೆದಿಟ್ಟಿತು. ಈಚೆಗಂತೂ 1998, 2002ರ ಅನಂತರ 2016, 2017, 2020, 2022, 2024ರಲ್ಲಿ ಆ ಸಾಲಿನ ದೊಡ್ಡ ದೊಡ್ಡ ಭಾಗಗಳೇ ಬಿಳಿಚಿಕೊಂಡವು. 1998ರಲ್ಲಿ ನಮ್ಮ ಲಕ್ಷದ್ವೀಪವೂ ಈ ಬವಣೆಯನ್ನು ಕಂಡಿತು.

ಇಲ್ಲಿ ಕೈಕೊಟ್ಟವರು ಯಾರು? ಶಾಖ ಮಿತಿಮೀರಿದಾಗ ಪಾಚಿಯ ಸಕ್ಕರೆ ಮಾಡುವ ಯಂತ್ರ ಕೆಟ್ಟು ಆಮ್ಲಜನಕದ ವಿಷರೂಪಗಳು ಹುಟ್ಟುತ್ತವೆ. ಜೀವ ಉಳಿಸಿಕೊಳ್ಳಲು ಹವಳ ಅದನ್ನು ಹೊರದಬ್ಬುತ್ತದೆ ಎಂಬುದು ಬಹುಕಾಲದ ವಿವರಣೆ. ಆದರೆ ಮನಸ್ತಾಪ ಮೊದಲೇ ಆರಂಭವಾಗಿರುತ್ತದೆಂದು 2021ರ ಒಂದು ಸಂಶೋಧನೆ ತೋರಿಸಿತು. ಶಾಖದಲ್ಲಿ ಹವಳದ ಹಸಿವು ಹೆಚ್ಚುತ್ತದೆ. ತನ್ನ ಮೈಯ ಸಾರವನ್ನೇ ಉರಿಸಿಕೊಂಡು ಸಾರಜನಕವನ್ನು ಹೆಚ್ಚು ಹೆಚ್ಚಾಗಿ ಚೆಲ್ಲುತ್ತದೆ. ಅದನ್ನುಂಡ ಪಾಚಿ ಬೆಳೆಯುವ ಭರದಲ್ಲಿ ಸಕ್ಕರೆಯನ್ನು ತನಗೇ ಇಟ್ಟುಕೊಳ್ಳುತ್ತದೆ. ಅಂದರೆ ಇಬ್ಬರೂ ಸ್ವಭಾವವನ್ನು ಬಿಟ್ಟವರಲ್ಲ. ನಿನ್ನೆ ಉಪಕಾರವಾಗಿದ್ದ ನಡತೆಯೇ ಇಂದು ಅಪಕಾರವಾಯಿತು, ಬದಲಾದದ್ದು ನೀರು.

ಹಾಗಾದರೆ ತಪ್ಪೆಲ್ಲ ಸಂದರ್ಭದ್ದೆಂದು ಕೈತೊಳೆದುಕೊಳ್ಳೋಣವೆ? ಅದು ಸಲ್ಲದು. ಹವಳಕ್ಕೆ ಆಯ್ಕೆಯಿಲ್ಲ, ಮನುಷ್ಯನಿಗೆ ಉಂಟು. ಸಂಕಟದಲ್ಲಿಯೂ ಕೈಹಿಡಿದು ನಿಂತವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆಯ್ಕೆಯುಳ್ಳವನ ಮೇಲೆ ಹೊಣೆಯೆಂದ ಮೇಲೆ, ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು ಕಡಲನ್ನು ಕಾಯಿಸಿದ ನಮ್ಮನ್ನು ಮೊದಲು ಕಟಕಟೆಗೆ ಕರೆಯಬೇಕು. ಒಲೆ ಹಚ್ಚಿದವನು ಬೆಂದವರ ಸಹನೆಯನ್ನು ಅಳೆಯಲು ಕೂಡುವುದು ನ್ಯಾಯವಲ್ಲ.

ಗಾದೆಯಲ್ಲಿ ಇನ್ನೊಂದು ಕೊರತೆಯೂ ಇದೆ. 2006ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಒಂದು ಜಾತಿಯ ಹವಳವನ್ನು ತಂಪುನೀರಿನಿಂದ ಬಿಸಿನೀರಿನ ಎಡೆಗೆ ಸಾಗಿಸಿ ನೋಡಿದರು. ಪಾಚಿಯ ಬಗೆಯನ್ನು ಬದಲಿಸಿಕೊಂಡ ಹವಳಗಳು ಸುಮಾರು 1ರಿಂದ 1.5 ಡಿಗ್ರಿ ಹೆಚ್ಚು ಶಾಖವನ್ನು ತಡೆದವು. ಆದರೆ ಶಾಖ ತಡೆಯುವ ಆ ಪಾಚಿಯನ್ನು ಇಟ್ಟುಕೊಂಡ ಹವಳ ನಿಧಾನವಾಗಿ ಬೆಳೆಯುತ್ತದೆಂದು ಬೇರೆ ಪ್ರಯೋಗಗಳು ತಿಳಿಸಿದವು. ಆಪತ್ತಿಗೆ ಆಗುವವನು ಸುಖದ ದಿನಗಳಲ್ಲಿ ಕೈಬಿಚ್ಚಿ ಕೊಡುವವನಲ್ಲ. ಕೈಬಿಚ್ಚಿ ಕೊಡುವವನು ಬೇಗೆಯನ್ನು ತಾಳಲಾರ. ತಾಳಲಾರದವನು ಕೊಟ್ಟದ್ದು ಅದರಿಂದ ಸುಳ್ಳಾಗುವುದಿಲ್ಲವಲ್ಲ! ದಿಬ್ಬ ನಿಂತೇ ಇದೆ.

ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ಕೆಲವು ವಾರ ಹಸಿದುಕೊಂಡೇ ಬದುಕಿರುತ್ತದೆ. ನೀರು ಬೇಗ ತಂಪಾದರೆ ಪಾಚಿ ಮತ್ತೆ ತುಂಬಿಕೊಳ್ಳುತ್ತದೆ, ತಡವಾದರೆ ಇಲ್ಲ. ಇದನ್ನು ಓದಿದ ರಾತ್ರಿ ನನಗೆ ಗೆಳೆಯನ ನೆನಪಾಯಿತು. ಅವನು ಏಕೆ ಬರಲಿಲ್ಲವೆಂದು ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೆ. ಆ ವರ್ಷ ಅವನ ಮನೆಯಲ್ಲಿ ಏನು ನಡೆದಿತ್ತೆಂದು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ತಂದೆಯವರು ಹೋಗಿ ಒಂಬತ್ತು ವರ್ಷವಾಯಿತು. ಅವನು ಅದೇ ಮನೆಯಲ್ಲಿದ್ದಾನೆಂದು ಕೇಳಿದ್ದೇನೆ. ಬರುವ ಭಾನುವಾರ ಹೋಗಿಬರಬೇಕೆಂದಿದ್ದೇನೆ.