ವ್ರತದ ಉಪವಾಸವೂ ತೂಕದ ಉಪವಾಸವೂ

ಅಂದೋಲಾದಂತಹ ಊರಿನಲ್ಲಿ ಹದಿನೈದರ ಬಾಲಕಿಯೊಬ್ಬಳು ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದರೆ ಮನೆಯವರು ಹಿಗ್ಗುತ್ತಾರೆ. ಆಕೆಯ ಉದ್ದೇಶ ಮೈ ಕರಗಿಸುವುದಷ್ಟೇ ಆಗಿದ್ದರೆ ಅದು ವ್ರತವೆನಿಸೀತೆ?

ಅನಶನವು ದೃಷ್ಟಫಲವನ್ನು ಅಪೇಕ್ಷಿಸದ ತಪವೆಂದು ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ವಿವರಿಸಿದ್ದಾರೆ. ಆದುದರಿಂದ ದೇಹಸೌಂದರ್ಯದ ಬಯಕೆಯಿಂದ ಬಿಟ್ಟ ಊಟವು ವ್ರತವಾಗದು; ಬೆಳೆಯುವ ಶರೀರಕ್ಕೆ ಹಿತವೂ ಅಲ್ಲ.

ಸ್ಥೂಲತೆಗೆ ಮದ್ದು ನಿತ್ಯದ ಸಂಯಮದಲ್ಲಿದೆ. ತುಸು ಹಸಿವಿರುವಾಗಲೇ ಕೈತೊಳೆಯುವುದು ಅವಮೌದರ್ಯ. ಬೆಲ್ಲ, ಎಣ್ಣೆಗಳ ಆಸೆಯನ್ನು ತಗ್ಗಿಸುವುದು ರಸಪರಿತ್ಯಾಗದ ಮೊದಲ ಮೆಟ್ಟಿಲು. ಜೋಳದ ರೊಟ್ಟಿ, ತೊಗರಿಬೇಳೆ, ಕಾಯಿಪಲ್ಯ, ಹಾಲು ಮಿತವಾಗಿ ಇರಲಿ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಲಿ. ದಿನಕ್ಕೊಂದು ಗಂಟೆ ನಡಿಗೆ, ಆಟ, ಮನೆಗೆಲಸಗಳಿಂದ ಮೈ ದಣಿಯಲಿ.

ತಪವನ್ನು ಶಕ್ತ್ಯನುಸಾರವಾಗಿ ಆಚರಿಸಬೇಕೆಂದೇ ಷೋಡಶಕಾರಣ ಭಾವನೆಗಳು ಬೋಧಿಸುತ್ತವೆ. ಉಪವಾಸಕ್ಕೆ ಒಪ್ಪಿಗೆ ಕೊಡುವ ಮುನ್ನ ಮಗುವಿನ ಭಾವವನ್ನೂ ಬಲವನ್ನೂ ವಿಚಾರಿಸುವುದು ಹಿರಿಯರ ಕರ್ತವ್ಯ.