ಸಾಕು ಎನ್ನದ ಸಾಕುನಾಯಿ

ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗ್ ಹೋಗುವವರಿಗೆ ಈ ನೋಟ ಈಗ ಹೊಸದೇನಲ್ಲ. ಒಬ್ಬರು ಸೈಕಲ್ ತುಳೀತಿರ್ತಾರೆ, ಪಕ್ಕದಲ್ಲಿ ಬೆಲ್ಟು ಕಟ್ಟಿದ ನಾಯಿಯೊಂದು ಓಡ್ತಿರುತ್ತೆ. ನೋಡುವವರಲ್ಲಿ ಕೂಡಲೇ ಎರಡು ಪಕ್ಷ. "ಎಷ್ಟು ಚೆಂದ ಓಡುತ್ತೆ ನೋಡ್ರೀ" ಅನ್ನುವವರು ಒಂದು ಕಡೆ. "ಪಾಪ, ಮೂಕಪ್ರಾಣೀನ ಹೀಗೆ ಓಡಿಸ್ತಾರಲ್ಲ, ಕರುಣೆ ಬೇಡ್ವಾ?" ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಪಕ್ಷದ ಮಾತು ಅರ್ಧರ್ಧ ಸರಿ ಅನ್ನಿಸುತ್ತೆ. ಉಳಿದರ್ಧ ಎಲ್ಲಿ ತಪ್ಪಿದೆ ಅನ್ನೋದೇ ಕುತೂಹಲದ ವಿಷಯ.

ಮೊದಲು ಓಡಿಸುವವರ ಪರ ಮಾತಾಡೋಣ. ಲ್ಯಾಬ್ರಡಾರ್ ನಾಯಿಯನ್ನು ಮನುಷ್ಯ ಬೆಳೆಸಿದ್ದು ನೀರಿಗೆ ಬಿದ್ದ ಬೇಟೆಹಕ್ಕಿಯನ್ನು ಈಜಿ ಎತ್ತಿ ತರಲಿ ಅಂತ. ಜರ್ಮನ್ ಶೆಫರ್ಡ್ ಕುರಿ ಮಂದೆಯ ಸುತ್ತ ದಿನವಿಡೀ ಓಡಾಡಲಿ ಅಂತ. ಹಸ್ಕಿ ಹಿಮದ ಮೇಲೆ ಗಾಡಿ ಎಳೆಯಲಿ ಅಂತ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಂತೂ ಮೊಲದ ಬೆನ್ನು ಹತ್ತಲೆಂದೇ ಹುಟ್ಟಿದ ಹಾಗಿದೆ: ಸಣ್ಣ ಸೊಂಟ, ಆಳವಾದ ಎದೆ, ಉದ್ದ ಕಾಲು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪನ್ನೂ ತಂದಿತ್ತು. ಇಂಥ ಜೀವಗಳನ್ನು ತಂದು ಎರಡು ಬೆಡ್‌ರೂಮಿನ ಮನೆಯಲ್ಲಿಟ್ಟು, ಸಂಜೆ ಹತ್ತು ನಿಮಿಷ ಕಾಂಪೌಂಡ್ ಸುತ್ತಿಸಿದರೆ ಏನಾಗುತ್ತೆ? ಸೋಫಾ ಹರಿಯುತ್ತೆ, ಚಪ್ಪಲಿ ಚೂರಾಗುತ್ತೆ, ಬೊಗಳಾಟದ ಬಗ್ಗೆ ಅಸೋಸಿಯೇಷನ್‌ಗೆ ದೂರು ಹೋಗುತ್ತೆ. ಅದರ ಮೈಯಲ್ಲಿರೋದು ತುಂಟತನವಲ್ಲ, ಖರ್ಚಾಗದೆ ಉಳಿದ ಓಟ. ನಾವು ಗಂಟೆಗೆ ಐದು ಕಿಲೋಮೀಟರ್ ನಡೆದರೆ ಹೆಚ್ಚು, ಅಂಥ ನಾಯಿಗೆ ಅದು ಆಮೆ ನಡಿಗೆ. ಸೈಕಲ್ ಹತ್ತಿದಾಗಷ್ಟೇ ನಾವು ಅದರ ವೇಗಕ್ಕೆ ಸಮ ಬರ್ತೀವಿ. ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿಹಾಕೋದೂ ಹಿಂಸೆಯೇ. ಬೀದಿಯಲ್ಲಿ ಕಾಣಲ್ಲ, ಅದಕ್ಕೇ ಯಾರೂ 'ಪಾಪ' ಅನ್ನಲ್ಲ, ಅಷ್ಟೆ.

ನಮ್ಮ ಬೀದಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ತನ್ನ ಮುಧೋಳ ನಾಯಿಯನ್ನು ಹೀಗೆ ಓಡಿಸ್ತಾನೆ. ಒಂದಿನ "ಸುಸ್ತಾಗಲ್ವೇನಪ್ಪಾ ಅದಕ್ಕೆ?" ಅಂತ ಕೇಳಿದೆ. "ಅಂಕಲ್, ಸೈಕಲ್ ಬೀಗ ತೆಗೆದ ಸದ್ದು ಕೇಳಿದ್ರೆ ಸಾಕು, ಕುಣಿಯೋಕೆ ಶುರು ಮಾಡ್ತಾನೆ. ಇಷ್ಟ ಇಲ್ಲದಿದ್ರೆ ನಿಂತುಬಿಡ್ತಿದ್ದ, ಅಲ್ವಾ?" ಅಂದ.

ಮೇಲ್ನೋಟಕ್ಕೆ ಉತ್ತರವೇ ಇಲ್ಲದ ಮಾತು. ಕುಣಿತ ಸುಳ್ಳಲ್ಲ, ಇಷ್ಟವೂ ಸುಳ್ಳಲ್ಲ. ಆದರೆ 'ಇಷ್ಟ ಇಲ್ಲದಿದ್ರೆ ನಿಂತುಬಿಡ್ತಿದ್ದ' ಅನ್ನೋದು ನಿಜವಾ?

ಬೀದಿನಾಯಿಯನ್ನು ನೋಡಿ. ಸ್ಕೂಟರ್ ಹಿಂದೆ ಪ್ರಾಣ ಹೋಗುವ ಹಾಗೆ ಓಡಿ ಬರುತ್ತೆ. ತನ್ನ ಬೀದಿಯ ಕೊನೆ ಬಂದ ತಕ್ಷಣ ಗಕ್ಕನೆ ನಿಂತು, ಏನೂ ಆಗೇ ಇಲ್ಲ ಅನ್ನುವ ಹಾಗೆ ಮೈ ಕೊಡವಿಕೊಂಡು ವಾಪಸ್ ಹೋಗುತ್ತೆ. ಶುರು ಮಾಡಿದ್ದೂ ಅದೇ, ನಿಲ್ಲಿಸಿದ್ದೂ ಅದೇ. ಆ ಓಟ ಪೂರ್ತಿ ಅದರದು. ಸೈಕಲ್‌ಗೆ ಕಟ್ಟಿದ ನಾಯಿಗೆ ಆ ಸ್ವಾತಂತ್ರ್ಯ ಇಲ್ಲ. ಹಗ್ಗ ಇದೆ ಅನ್ನೋದೊಂದೇ ಕಾರಣ ಅಲ್ಲ. ಹಗ್ಗ ಬಿಚ್ಚಿದರೂ ಅದು ಹಿಂದೆ ಬರುತ್ತೆ. ಸಾವಿರಾರು ವರ್ಷ ನಾವು ನಮ್ಮನ್ನು ಬಿಟ್ಟುಹೋಗದ ನಾಯಿಗಳನ್ನೇ ಆರಿಸಿ ಆರಿಸಿ ಉಳಿಸಿಕೊಂಡು ಬಂದಿದ್ದೀವಿ. ಅದಕ್ಕೆ 'ಸ್ವಾಮಿನಿಷ್ಠೆ' ಅಂತ ಹೆಸರಿಟ್ಟು ಹೊಗಳ್ತೀವಿ. ಈಗ ಅದೇ ನಿಷ್ಠೆಯನ್ನು ತೋರಿಸಿ 'ನೋಡಿ, ಒಪ್ಪಿಗೆ ಇದೆ' ಅಂದರೆ ಹೇಗೆ?

ಇನ್ನು ದೇಹದ ಮಾತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ಪಾದದ ಮೆತ್ತೆಯಲ್ಲಿ ಒಂಚೂರು ಅಷ್ಟೇ. ಒಳಗಿನ ಬಿಸಿ ಬಹುಪಾಲು ಏದುಸಿರಿನಲ್ಲೇ ಹೊರಗೆ ಹೋಗಬೇಕು. ಚಪ್ಪಟೆ ಮೂಗಿನ ಪಗ್‌ಗೆ ಅದೂ ಕಷ್ಟ. ಬಿಸಿಲೇರಿದ ಮೇಲೆ ಡಾಂಬರಿನ ಮೇಲೆ ಅಂಗೈ ಇಟ್ಟು ಐದು ಸೆಕೆಂಡ್ ತಡೆಯೋಕಾಗದಿದ್ದರೆ, ಅಲ್ಲಿ ಅದರ ಬರಿಗಾಲು ಹೇಗೆ ತಡೆದೀತು? ವರ್ಷ ತುಂಬದ ಮರಿಯ ಮೂಳೆ ಇನ್ನೂ ಬೆಳೀತಿರುತ್ತೆ. ದೊಡ್ಡ ಜಾತಿಯದಾದರೆ ಇನ್ನೂ ಕೆಲವು ತಿಂಗಳು ಬೇಕು. ಇದ್ಯಾವುದನ್ನೂ ನಾಯಿ ಬಾಯಿಬಿಟ್ಟು ಹೇಳಲ್ಲ. ಆದರೆ ಅದು ಮೂಕಪ್ರಾಣಿ ಅನ್ನೋದೂ ಪೂರ್ತಿ ನಿಜವಲ್ಲ. ನಾಲಗೆ ಅಗಲವಾಗಿ ಜೋತುಬೀಳುತ್ತೆ. ಮುಂದಿನ ಚಕ್ರದ ಪಕ್ಕ ಇದ್ದದ್ದು ಹಿಂದಿನ ಚಕ್ರದ ಪಕ್ಕಕ್ಕೆ ಜಾರುತ್ತೆ. ಸಡಿಲವಾಗಿದ್ದ ಹಗ್ಗ ಬಿಗಿಯಾಗುತ್ತೆ. ಅದು ಮಾತಾಡ್ತಾನೇ ಇರುತ್ತೆ. ನಾವು ಮುಂದೆ ನೋಡ್ಕೊಂಡು ತುಳೀತಿರ್ತೀವಿ.

ಸೈಕಲ್ಲಿನ ನಿಜವಾದ ತೊಡಕು ಇಲ್ಲೇ ಇರೋದು. ನಾಯಿ ಜೊತೆ ನಾವೂ ಓಡಿದರೆ ಅದಕ್ಕಿಂತ ಮೊದಲು ನಮಗೇ ಉಸಿರು ಕಟ್ಟುತ್ತೆ. ನಮ್ಮ ಶ್ವಾಸಕೋಶವೇ ಅದಕ್ಕೆ ಕಾವಲು. ಚಕ್ರಕ್ಕೆ ಉಸಿರು ಕಟ್ಟಲ್ಲ. ಇಳಿಜಾರಿನಲ್ಲಂತೂ ನಾವು ಪೆಡಲ್ ಕೂಡ ತುಳಿಯಲ್ಲ, ಗಾಳಿ ಮುಖಕ್ಕೆ ಹೊಡೆಯೋ ಸುಖದಲ್ಲಿರ್ತೀವಿ. ನಾಯಿ ಮಾತ್ರ ಆಗಲೇ ಎಲ್ಲಕ್ಕಿಂತ ಜೋರಾಗಿ ಓಡಬೇಕು. ಯಾರಿಗೆ ಶ್ರಮ ಕಡಿಮೆಯೋ ಅವರೇ ದೂರವನ್ನು ನಿರ್ಧರಿಸ್ತಾರೆ.

ಜರ್ಮನಿಯ ಸಂಚಾರ ನಿಯಮದಲ್ಲಿ ಸೈಕಲ್ ಮೇಲಿಂದ ನಡೆಸಿಕೊಂಡು ಹೋಗಬಹುದಾದ ಪ್ರಾಣಿ ನಾಯಿ ಒಂದೇ. ಮೋಟಾರು ವಾಹನದಿಂದ ಯಾವ ಪ್ರಾಣಿಯನ್ನೂ ನಡೆಸುವಂತಿಲ್ಲ. ಅಲ್ಲಿ ಶೆಫರ್ಡ್ ನಾಯಿಗಳಿಗೆ ಸಹಿಷ್ಣುತೆಯ ಪರೀಕ್ಷೆಯೂ ಇದೆ. ಸೈಕಲ್ ಪಕ್ಕದಲ್ಲಿ 20 ಕಿಲೋಮೀಟರ್, ಗಂಟೆಗೆ 12ರಿಂದ 15 ಕಿಲೋಮೀಟರ್ ವೇಗ. ಕೇಳೋಕೆ ಕ್ರೂರ ಅನ್ನಿಸುತ್ತೆ. ಆದರೆ ನಡುವೆ ಕಡ್ಡಾಯ ವಿರಾಮಗಳಿವೆ, ನಾಯಿ ದಣಿದಿದೆಯಾ, ಪಾದ ಸವೆದಿದೆಯಾ ಅಂತ ಪರೀಕ್ಷಕರು ನೋಡ್ತಾರೆ. ಅಂದರೆ 'ನಿಲ್ಲಿಸು' ಅನ್ನುವ ಅಧಿಕಾರ ಸವಾರನೊಬ್ಬನ ಕೈಲೇ ಇಲ್ಲ. ನಮ್ಮ ಬೀದಿಯಲ್ಲಿ ಅಂಥ ಪರೀಕ್ಷಕ ಇಲ್ಲ. ಸವಾರನೇ ಆ ಕೆಲಸವನ್ನೂ ಮಾಡಬೇಕು.

ಮಹಾಭಾರತದ ಕೊನೆಗೆ ಧರ್ಮರಾಯನ ಹಿಂದೆ ಒಂದು ನಾಯಿ ಹೋಗುತ್ತಲ್ಲ, ಆ ಕಥೆ ನಮಗೆಲ್ಲ ಗೊತ್ತು. ನಾವು ಗಮನಿಸದ ಸಂಗತಿ ಒಂದಿದೆ. ಇಬ್ಬರೂ ಕಾಲ್ನಡಿಗೆಯಲ್ಲಿದ್ದಷ್ಟು ಹೊತ್ತು ಅವರ ನಡುವೆ ಯಾವ ಧರ್ಮಸಂಕಟವೂ ಇರಲಿಲ್ಲ. ಇಂದ್ರನ ರಥ ಬಂತು ನೋಡಿ, ಆಗ ಪ್ರಶ್ನೆ ಹುಟ್ಟಿತು. ಒಬ್ಬರಿಗೆ ವಾಹನ ಸಿಕ್ಕು ಇನ್ನೊಬ್ಬರು ಕಾಲ ಮೇಲೇ ಉಳಿದಾಗ, ಹತ್ತಿದವರ ಹೊಣೆ ಹೆಚ್ಚಾಗುತ್ತೆ.

ಕನ್ನಡದಲ್ಲಿ ಒಂದು ಸೊಗಸಿದೆ. ಸಾಕುವುದಕ್ಕೂ 'ಸಾಕು', ಇನ್ನು ಬೇಡ ಅನ್ನೋದಕ್ಕೂ 'ಸಾಕು'. ಮೂಲದಲ್ಲಿ ಇವೆರಡಕ್ಕೂ ಸಂಬಂಧ ಇದೆಯಾ ಅನ್ನೋದನ್ನು ಪಂಡಿತರಿಗೆ ಬಿಡೋಣ. ಬದುಕಿನಲ್ಲಂತೂ ಇದೆ. ಸಾಕುವವರು ಅಂದರೆ ಅನ್ನ ಹಾಕುವವರು ಮಾತ್ರ ಅಲ್ಲ, 'ಸಾಕು' ಅಂತ ತಾನಾಗಿ ಹೇಳಲಾಗದ ಜೀವದ ಪರವಾಗಿ ಆ ಮಾತನ್ನು ಹೇಳಬೇಕಾದವರು. ಇದು ನಾಯಿಗಷ್ಟೇ ನಿಲ್ಲೋ ಮಾತೂ ಅಲ್ಲ. "ಇನ್ನೊಂದು ಮನೆ ಕೆಲಸಾನೂ ಮಾಡ್ತೀನಿ ಬಿಡಕ್ಕಾ" ಅನ್ನುವ ಕೆಲಸದವಳು, ಹಬ್ಬದ ದಿನ ಇಪ್ಪತ್ತು ಜನರಿಗೆ ಒಬ್ಬಳೇ ಹೋಳಿಗೆ ತಟ್ಟಿ "ನಂಗೇನೂ ಆಯಾಸ ಇಲ್ಲ" ಅನ್ನುವ ಅಮ್ಮ, ಬಾಸ್ ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಹೊಸ ಹುಡುಗ: ಇವರ ಖುಷಿಯೂ ಸುಳ್ಳಲ್ಲ. ಆದರೆ ಆ 'ಹೂಂ' ಎಷ್ಟು ದೂರ ಬರುತ್ತೆ ಅಂತ ನೋಡೋದು ಸೈಕಲ್ ಮೇಲೆ ಕೂತವರ ಕೆಲಸ.

ಹಾಗಾದರೆ ಓಡಿಸಬಾರದಾ? ಖಂಡಿತ ಓಡಿಸಿ. ಬಿಸಿಲೇರುವ ಮುಂಚೆ, ಹೊಟ್ಟೆ ತುಂಬ ತಿನ್ನಿಸದೆ, ಕೊರಳಪಟ್ಟಿಯ ಬದಲು ಎದೆಗೆ ಬೆಲ್ಟ್ ಹಾಕಿ, ಹಗ್ಗವನ್ನು ಕೈಗೂ ಹ್ಯಾಂಡಲ್‌ಗೂ ಸುತ್ತಿಕೊಳ್ಳದೆ. ಅದು ಮೂಸುವ ಕಂಬಕ್ಕೆಲ್ಲ ಸಮಯ ಕೊಟ್ಟು, ಹಿಂದಿನ ಚಕ್ರದ ಕಡೆ ಆಗಾಗ ಕಣ್ಣಾಡಿಸಿ. ಅದು ಹಿಂದೆ ಜಾರಿದ್ದು ಕಂಡರೆ ಇಳಿದುಬಿಡಿ. ಮನೆ ಇನ್ನೂ ಒಂದು ಕಿಲೋಮೀಟರ್ ಇದ್ದರೂ ಸರಿ, ಸೈಕಲ್ ತಳ್ಳಿಕೊಂಡು ಅದರ ಜೊತೆ ನಡೆದು ಬನ್ನಿ.