ಬೆಲೆ ಗೊತ್ತಿದ್ದವರ ಮೌನ

ಮನೆಯ ಹೆಂಗಸಿಗೆ ಬಂಗಾರದ ಲೆಕ್ಕ ಗುಂಜಿಯವರೆಗೂ ಗೊತ್ತಿರುತ್ತದೆ. ತವರಿನಿಂದ ಬಂದ ಪಾಟಲಿ ಎಷ್ಟು ತೊಲೆ, ಮಗಳಿಗೆ ಹಾಕಿದ ಸರ ಎಷ್ಟು ತೊಲೆ, ಕರಗಿಸುವಾಗ ಅಕ್ಕಸಾಲಿಗ ಎಷ್ಟು ಕಳೆದ ಎಂಬುದನ್ನು ಮೂವತ್ತು ವರ್ಷದ ಮೇಲೂ ತಪ್ಪಿಲ್ಲದೆ ಹೇಳುತ್ತಾಳೆ. ಆದರೆ ಗಂಡನ ಅಥವಾ ಮಾವನವರ ಕಪಾಟಿನಲ್ಲಿರುವ ಪೆನ್ನು, ಕ್ಯಾಮೆರಾ, ರೇಡಿಯೋ, ಕೈಗಡಿಯಾರ ಇವುಗಳ ಬೆಲೆ ಅವಳಿಗೆ ಗೊತ್ತಿರುವುದು ಕಡಿಮೆ. ಅವು ಗಂಡಸರ ಸಾಮಾನು. ಅವರಿರುವಾಗ ಮುಟ್ಟುವಂತಿಲ್ಲ, ಅವರು ಹೋದ ಮೇಲೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕೊಳ್ಳುವವರು ಬಾಗಿಲಿಗೆ ಬರುವುದು ಇಂಥ ಹೊತ್ತಿನಲ್ಲೇ.

ಹೀಗೆ ಬಂದವನಿಗೆ ವಸ್ತುವಿನ ನಿಜವಾದ ಬೆಲೆ ಗೊತ್ತಿದೆ, ಕೊಡುವವಳಿಗೆ ಗೊತ್ತಿಲ್ಲ. ಅವನು ಸುಳ್ಳು ಹೇಳುವುದಿಲ್ಲ, ಸುಮ್ಮನಿರುತ್ತಾನೆ, ಅಷ್ಟೆ. ಹೀಗೆ ಸುಮ್ಮನಿರುವುದು ತಪ್ಪೇ? ಮೇಲಿಂದ ನೋಡಿದರೆ ಸಣ್ಣದಾಗಿ ಕಾಣುವ ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ನಮ್ಮ ರಾಯಾಪುರ ಅತ್ತ ಹುಬ್ಬಳ್ಳಿಯೂ ಅಲ್ಲ, ಇತ್ತ ಧಾರವಾಡವೂ ಅಲ್ಲ, ಎರಡರ ನಡುವಿನ ಊರು. ಪಿ.ಬಿ. ರಸ್ತೆಯ ಮೇಲೆ ಈಗ ಚಿಗರಿ ಬಸ್ಸುಗಳು ಓಡಾಡುತ್ತವೆ. ರಸ್ತೆಯ ಆಚೀಚೆ ಕಾರ್ಖಾನೆಗಳಿವೆ. ಪಾಳಿಯ ಮೇಲೆ ದುಡಿಯುವವರಿಗೆ ಕೈಗಡಿಯಾರ ಹಿಂದೆ ಶೋಕಿಯ ವಸ್ತುವಾಗಿರಲಿಲ್ಲ, ಕೆಲಸದ ಸಾಮಾನಾಗಿತ್ತು. ಎಚ್‌ಎಂಟಿ ವಾಚು ಗೊತ್ತಿಲ್ಲದ ಮನೆ ಆಗ ಎಲ್ಲಿತ್ತು? ಯಂತ್ರೋಪಕರಣ ತಯಾರಿಸಲೆಂದು 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರಕಾರಿ ಕಂಪನಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ಕೆಲಸಕ್ಕೆ ಕೈ ಹಾಕಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಜನತಾ, ಪೈಲಟ್, ಸೋನಾ, ಕಾಂಚನ ಎಂಬ ಹೆಸರುಗಳು ನಮಗೆ ಬಳಗದವರ ಹೆಸರಿನಷ್ಟೇ ಪರಿಚಿತವಾಗಿದ್ದವು. ಅಳಿಯನಿಗೆ ವಾಚು ಕೊಡದೆ ಮದುವೆ ಮುಗಿಯುತ್ತಿರಲಿಲ್ಲ. ಆಮೇಲೆ ಸೆಲ್ಲಿನ ವಾಚುಗಳು ಬಂದವು, ಕೀಲಿ ಕೊಡುವ ವಾಚುಗಳು ಹಿಂದೆ ಬಿದ್ದವು. 2016ರಲ್ಲಿ ಎಚ್‌ಎಂಟಿಯ ಕೈಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ನಿರ್ಧರಿಸಿತು. ಯಾರೂ ಕೇಳದೆ ಬಿದ್ದಿದ್ದ ಹಳೆಯ ಎಚ್‌ಎಂಟಿಗಳನ್ನು ಹುಡುಕಿಕೊಂಡು ಜನ ಬರತೊಡಗಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಗಿಡ ಒಣಗಿದ ಮೇಲೆ ಅದೇ ಮದ್ದಾಯಿತು.

ಈ ಸಂಗ್ರಹಕಾರರ ಲೋಕದಲ್ಲಿ ಎಚ್‌ಎಂಟಿ ಮೊದಲ ಮೆಟ್ಟಿಲಾದರೆ, ಕ್ರೋನೋಗ್ರಾಫ್ ಎಂಬ ಜಾತಿಯ ವಾಚು ಬಹಳ ಮೇಲಿನ ಮೆಟ್ಟಿಲು. ಸಾಮಾನ್ಯ ವಾಚಿನಂತೆ ವೇಳೆ ತೋರಿಸುತ್ತಲೇ, ಪಕ್ಕದ ಗುಂಡಿ ಒತ್ತಿದರೆ ಓಡಲು ಹತ್ತಿ, ಮತ್ತೆ ಒತ್ತಿದರೆ ನಿಲ್ಲುವ ಇನ್ನೊಂದು ಮುಳ್ಳು ಇದರಲ್ಲಿರುತ್ತದೆ. ಓಟದ ಪಂದ್ಯದಲ್ಲಿ ನಮ್ಮ ಪಿ.ಟಿ. ಮಾಸ್ತರರು ಹಿಡಿಯುವ ಸ್ಟಾಪ್‌ವಾಚು ಕೈಗಡಿಯಾರದೊಳಗೆ ಸೇರಿಕೊಂಡಂತೆ. ಗ್ರೀಕಿನಲ್ಲಿ ಈ ಹೆಸರಿನ ಅರ್ಥ ‘ಕಾಲವನ್ನು ಬರೆಯುವುದು’. ಅದು ಬರೀ ಅಲಂಕಾರದ ಮಾತಲ್ಲ. 1821ರಲ್ಲಿ ಫ್ರಾನ್ಸಿನ ನಿಕೋಲಾ ರಿಯೂಸೆಕ್ ಕುದುರೆ ಓಟಕ್ಕಾಗಿ ಮಾಡಿದ ಯಂತ್ರ, ಕುದುರೆ ಗುರಿ ಮುಟ್ಟಿದಾಗ ಗಡಿಯಾರದ ಮುಖದ ಮೇಲೆ ನಿಜವಾಗಿಯೂ ಶಾಯಿಯ ಚುಕ್ಕೆ ಇಡುತ್ತಿತ್ತು. 1970ರಲ್ಲಿ ಅಪೋಲೊ 13 ನೌಕೆ ಕೆಟ್ಟು ಚಂದ್ರನಿಂದ ಹಿಂದಿರುಗುವಾಗ, ದಾರಿ ತಿದ್ದಲು ಎಂಜಿನನ್ನು ಸರಿಯಾಗಿ 14 ಸೆಕೆಂಡು ಉರಿಸಬೇಕಿತ್ತು. ಅದನ್ನು ಅಳೆದದ್ದು ಕೈಗೆ ಕಟ್ಟಿದ ಇಂಥದೇ ಒಂದು ವಾಚು. ವೈದ್ಯರಿಗಾಗಿಯೇ ಮಾಡಿದ ಕ್ರೋನೋಗ್ರಾಫುಗಳೂ ಇದ್ದವು. ರೋಗಿಯ ನಾಡಿ ಹಿಡಿದು ಗುಂಡಿ ಒತ್ತಬೇಕು, ಮೂವತ್ತು ಬಡಿತ ಎಣಿಸಿ ಮತ್ತೆ ಒತ್ತಬೇಕು. ಮುಳ್ಳು ನಿಂತ ಜಾಗದಲ್ಲಿ ನಿಮಿಷಕ್ಕೆ ಎಷ್ಟು ಬಡಿತ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇಂಥ ಒಂದು ವೈದ್ಯರ ವಾಚು ನಮ್ಮ ಪರಿಚಯದ ಒಬ್ಬ ವೈನಿಯವರ ಮನೆಯಲ್ಲಿತ್ತು. ಅವರ ಮಾವನವರು ಡಾಕ್ಟರು, ಓದಲು ವಿಲಾಯತಿಗೆ ಹೋಗಿ ಬಂದವರು. ಮಾವನವರೂ ಹೋದರು, ಗಂಡನೂ ಹೋದರು, ವಾಚು ಟ್ರಂಕಿನಲ್ಲಿ ಉಳಿಯಿತು. ಒಂದು ದಿನ ಹಳೆಯ ವಾಚು ಕೂಡಿಸುವ ಹವ್ಯಾಸದ ಒಬ್ಬಾತ ಯಾರದೋ ಪರಿಚಯ ಹೇಳಿಕೊಂಡು ಮನೆಗೆ ಬಂದ. ಓದಿದವನು, ಮರ್ಯಾದೆಯ ಮನುಷ್ಯ, ಕಾಲಿಗೂ ನಮಸ್ಕಾರ ಮಾಡಿದ. ವಾಚನ್ನು ತಿರುಗಿಸಿ ಮುರುಗಿಸಿ ನೋಡಿ, “ಕಾಕೂ, ಇದು ಭಾಳ ಹಳೇದು. ನಡಿಯಂಗಿಲ್ಲ. ರಿಪೇರಿ ಮಾಡವ್ರು ಸಿಗೂದ ಕಷ್ಟ, ಸಿಕ್ರೂ ಖರ್ಚು ಭಾಳ” ಅಂದ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾಲ್ಕು ಸಾವಿರ ರೂಪಾಯಿ ಕೊಡುತ್ತೇನೆಂದ. ವೈನಿ, “ಸರೀ ಬೆಲೆ ಅಂತ ನಿನಗ ಅನಸಿದ್ರ ಆತಪಾ, ನಮಗೇನ ತಿಳೀತದ” ಅಂದರು. ಆತ ನಕ್ಕು ರೊಕ್ಕ ಎಣಿಸಿ ಕೊಟ್ಟ. ಮುಂದೆ ಅವರ ತಂಗಿಯ ಮಗ ವಾಚಿನ ಹಳೆಯ ಫೋಟೋ ಹಿಡಿದು ಮುಂಬಯಿಯಲ್ಲಿ ವಿಚಾರಿಸಿದಾಗ, ಬೆಲೆ ಅದರ ಹತ್ತು ಪಟ್ಟಿಗೂ ಮೇಲೆ ಎಂದು ತಿಳಿಯಿತು.

ಈ ಸುದ್ದಿ ನಮ್ಮ ಸ್ಟಾಫ್‌ರೂಮಿಗೆ ಬಂದಾಗ ಎರಡು ಪಕ್ಷಗಳಾದವು. ಗಣಿತದ ಮಾಸ್ತರರು ಆತನ ಪರ. “ಹತ್ತು ವರ್ಷ ಓದಿ, ತಿರುಗಿ, ರೊಕ್ಕ ಕಳಕೊಂಡು ಕಲತ ವಿದ್ಯಾ ಅದು. ಅದನ್ನ ಪುಕ್ಕಟೆ ಯಾಕ ಹೇಳಬೇಕ್ರಿ? ಪೇಟ್ಯಾಗ ಯಾರು ಹೇಳ್ತಾರ?” ಎಂದರು. ಈ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಆ ವಾಚನ್ನು ಗುರುತಿಸಿದವನು ಆತನೇ. ಆತ ಬರದಿದ್ದರೆ ಅದು ಟ್ರಂಕಿನಲ್ಲೇ ತುಕ್ಕು ಹಿಡಿದು, ಒಂದು ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಯವನ ಪಾಲಾಗುತ್ತಿತ್ತು. ಜ್ಞಾನಕ್ಕೆ ಪ್ರತಿಫಲ ಬೇಡವೇ? ಬಿ.ಎಡ್. ಮಾಡಿ ಸಂಬಳ ಎಣಿಸುವ ನಾವು ಬೇಡವೆಂದು ಹೇಗೆ ಹೇಳೋಣ?

ಕಾನೂನೂ ಅರ್ಧ ಅವರ ಪರವಾಗಿಯೇ ಇದೆ. ನಮ್ಮ ದೇಶದ 1872ರ ಕರಾರು ಕಾಯ್ದೆಯ 17ನೆಯ ಕಲಮು ಮೋಸವೆಂದರೇನು ಎಂದು ಹೇಳುತ್ತಾ, ಎದುರಿನವರ ಮನಸ್ಸನ್ನು ಬದಲಿಸಬಹುದಾದ ಸಂಗತಿಯ ಬಗ್ಗೆ ಬರೀ ಸುಮ್ಮನಿದ್ದರೆ ಅದು ಮೋಸವಲ್ಲ ಎನ್ನುತ್ತದೆ. ಅದಕ್ಕೊಂದು ಉದಾಹರಣೆಯನ್ನೂ ಕೊಡುತ್ತದೆ. ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ಬಗ್ಗೆ ಏನೂ ಹೇಳುವುದಿಲ್ಲ. ಅದು ಮೋಸವಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಇನ್ನೂ ಒಂದು ಉದಾಹರಣೆಯಿದೆ. “ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಯೇ ಮಾತಿಗೆ ಸಮ.

ಇಲ್ಲಿ ಕೊಳ್ಳುವವನಿಗೆ ಗೊತ್ತಿದ್ದದ್ದು ದೋಷವಲ್ಲ, ಗುಣ. ಕೋರ್ಟು ಏನು ಹೇಳೀತೆಂಬುದು ವಕೀಲರ ವಿಷಯ. ನನಗೆ ಬೇಕಾದದ್ದು ಅದರೊಳಗಿನ ನ್ಯಾಯ. ಸಂತೆಯಲ್ಲಿ ನಿಂತವರಿಬ್ಬರಿಗೆ ಒಂದು ನಿಯಮ, ನಂಬಿಕೆಯ ಮೇಲೆ ಕೂತವರಿಗೆ ಇನ್ನೊಂದು ಎಂದು ಬ್ರಿಟಿಷರ ಕಾಲದ ಕಾಯ್ದೆಯೂ ಒಪ್ಪಿಕೊಂಡಿದೆ. ಆತ ಅಂಗಡಿಯ ಕಟ್ಟೆಯ ಮೇಲೆ ನಿಂತಿರಲಿಲ್ಲ. ಕಾಕೂ ಎಂದು ಕರೆದು, ಕಾಲಿಗೆ ಬಿದ್ದು, ಚಹಾ ಕುಡಿದು ಕೂತಿದ್ದ. ವೈನಿ ಬೆಲೆಯ ಮಾತನ್ನು ಅವನ ಮೇಲೆಯೇ ಬಿಟ್ಟಿದ್ದರು. ಅವನ ನಗುವೇ ಹೌದು ಎಂಬ ಉತ್ತರವಾಯಿತು.

ಇದಕ್ಕಿಂತ ಆಳದ ಸಂಗತಿ ಇನ್ನೊಂದಿದೆ, ಅದು ನನಗೆ ಹೊಳೆದದ್ದು ವೈನಿಯವರ ಮಾತಿನಿಂದ. ಆತ ಒಂದು ತಾಸು ಕೂತು ಏನೇನು ಕೇಳಿದನೆಂದು ಅವರು ವಿವರವಾಗಿ ಹೇಳಿದರು. ಮಾವನವರು ಯಾವ ವರ್ಷ ವಿಲಾಯತಿಗೆ ಹೋದರು, ವಾಚನ್ನು ಎಲ್ಲಿ ಕೊಂಡರು, ಡಬ್ಬಿ ಇದೆಯೇ, ರಶೀದಿ ಇದೆಯೇ, ವಾಚು ಕಟ್ಟಿಕೊಂಡ ಫೋಟೋ ಇದೆಯೇ, ಎಂದಾದರೂ ಡಯಲ್ಲಿಗೆ ಬಣ್ಣ ಹಚ್ಚಿಸಿದ್ದುಂಟೇ. ವೈನಿ ನೆನಪಿದ್ದದ್ದನ್ನೆಲ್ಲ ಹೇಳಿ, ಮಾವನವರ ಒಂದು ಫೋಟೋವನ್ನೂ ಕೊಟ್ಟರು.

ಇವೆಲ್ಲ ಹರಟೆಯ ಪ್ರಶ್ನೆಗಳಲ್ಲ. ಹಳೆಯ ವಾಚಿನ ಬೆಲೆ ನಿಲ್ಲುವುದೇ ಇವುಗಳ ಮೇಲೆ. ಅಮೆರಿಕದ ಸಿನಿಮಾ ನಟ ಪಾಲ್ ನ್ಯೂಮನ್ ಕಾರ್ ಪಂದ್ಯದ ಹುಚ್ಚು ಹಿಡಿಸಿಕೊಂಡಾಗ, ಅವನ ಹೆಂಡತಿ ಜೋನ್ ವುಡ್‌ವರ್ಡ್ ಒಂದು ರೋಲೆಕ್ಸ್ ಕ್ರೋನೋಗ್ರಾಫ್ ಕೊಂಡು, ‘ಗಾಡಿ ಜೋಪಾನವಾಗಿ ನಡೆಸು, ನಾನು’ ಎಂಬರ್ಥದ ಮಾತನ್ನು ಹಿಂಬದಿಗೆ ಕೊರೆಸಿ ಕೊಟ್ಟಳು. ಆ ಮಾದರಿಯ ಡಯಲ್ಲಿನ ವಾಚುಗಳು ಆ ಕಾಲದಲ್ಲಿ ಅಂಗಡಿಯಲ್ಲಿ ಅಷ್ಟೇನೂ ಮಾರಾಟವಾಗುತ್ತಿರಲಿಲ್ಲ. 1984ರಲ್ಲಿ ನ್ಯೂಮನ್ ಅದನ್ನು ಮಗಳ ಸ್ನೇಹಿತನಿಗೆ ಕೈಯಿಂದ ಬಿಚ್ಚಿ ಕೊಟ್ಟುಬಿಟ್ಟ. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ವಾಚು 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ! ಅಷ್ಟು ಬೆಲೆ ಉಕ್ಕಿಗೆ ಬರುವುದುಂಟೇ? ಯಾರು ಕಟ್ಟಿದ್ದರು, ಯಾರು ಕೊಟ್ಟಿದ್ದರು, ಏನು ಬರೆಸಿದ್ದರು ಎಂಬುದಕ್ಕೆ ಬಂದ ಬೆಲೆ ಅದು.

ಹಾಗಿದ್ದ ಮೇಲೆ ವೈನಿಗೆ ಏನೂ ಗೊತ್ತಿರಲಿಲ್ಲವೆಂದು ಹೇಗೆ ಹೇಳುವುದು? ಬೆಲೆಯ ಅರ್ಧ ಪೇಟೆಯಲ್ಲಿತ್ತು, ಅದು ಆತನಿಗೆ ಗೊತ್ತಿತ್ತು. ಇನ್ನರ್ಧ ಮನೆಯ ನೆನಪಿನಲ್ಲಿತ್ತು, ಅದು ವೈನಿಗೆ ಗೊತ್ತಿತ್ತು. ಅವರು ತಮ್ಮ ಅರ್ಧವನ್ನು ಚಹಾದ ಜೊತೆ ಕೊಟ್ಟರು. ಆತ ತನ್ನ ಅರ್ಧವನ್ನು ಕಿಸೆಯಲ್ಲಿಟ್ಟುಕೊಂಡ. ಗಣಿತದ ಮಾಸ್ತರರು ಹೇಳಿದಂತೆ ಜ್ಞಾನಕ್ಕೆ ಪ್ರತಿಫಲ ಬೇಕೆಂದಾದರೆ, ವೈನಿಯವರ ಜ್ಞಾನಕ್ಕೂ ಬೇಕಲ್ಲವೇ?

ಸಂಗ್ರಹಕಾರರು ವಾಚಿನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕುವುದು ಪ್ರಾಮಾಣಿಕತೆಯನ್ನು ಎಂಬುದು ಈ ವಿಷಯದಲ್ಲಿ ವಿಚಿತ್ರವಾಗಿ ಕಾಣುತ್ತದೆ. ಹಳೆಯ ವಾಚುಗಳಿಗೆ ಹೊಸ ಬಣ್ಣ ಬಳಿದು, ಒಂದರ ಮುಳ್ಳು ಇನ್ನೊಂದಕ್ಕೆ ಹಾಕಿ ಮಾರುವ ದಂಧೆ ಇದೆ. ಜನತಾ, ಪೈಲಟ್‌ಗಳನ್ನೂ ಅದು ಬಿಟ್ಟಿಲ್ಲ. ಅದಕ್ಕೇ ಅವರು ಕಲೆ ಬಿದ್ದಿದ್ದರೂ ಸರಿ, ಮೂಲದ ಡಯಲ್ಲೇ ಬೇಕು ಎನ್ನುತ್ತಾರೆ. ವಾಚು ತನ್ನ ಬಗ್ಗೆ ಏನನ್ನೂ ಮುಚ್ಚಿಡಬಾರದು. ಸರಿ, ಅದನ್ನು ಕೈಗೆ ಕಟ್ಟಿಕೊಳ್ಳುವವನು?

ಇಷ್ಟು ಹೇಳಿ, ನಾವು ಹೆಂಗಸರು ಇದರಿಂದ ದೂರ ಎಂದು ಬೀಗುವಂತಿಲ್ಲ. ಧಾರವಾಡದ ಕಡೆಯ ಹಳ್ಳಿಯ ಮುದುಕಿಯೊಬ್ಬಳು ತನ್ನ ಕಾಲದ, ಎಳೆ ಎಣಿಸಿ ಕಸೂತಿ ಹಾಕಿದ ಇಳಕಲ್ ಸೀರೆಯನ್ನು ಇನ್ನೂರು ರೂಪಾಯಿಗೆ ಕೊಡಲು ಬಂದರೆ, ನಮ್ಮಲ್ಲಿ ಎಷ್ಟು ಜನ, “ಅವ್ವಾ, ಇಷ್ಟಕ್ಕ ಕೊಡಬ್ಯಾಡ, ಇದರ ಬೆಲೆ ಬ್ಯಾರೆ ಅದ” ಎನ್ನುತ್ತೇವೆ? ನೂರೈವತ್ತಕ್ಕೆ ಕೇಳಿ, ಗೆದ್ದೆನೆಂದು ಗೆಳತಿಯರಿಗೆ ತೋರಿಸುವವರೇ ಹೆಚ್ಚು. ಸಂತೆಯ ಚೌಕಾಸಿ ಬೇರೆ. ಅಲ್ಲಿ ಬದನೆಕಾಯಿ ಮಾರುವವಳಿಗೆ ಅಂದಿನ ದರ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎದುರಿನವಳಿಗೆ ಗೊತ್ತೇ ಇಲ್ಲದಾಗ ಮಾಡುವ ಚೌಕಾಸಿ, ಕಣ್ಣು ಕಟ್ಟಿಕೊಂಡವಳ ಸಂಗಡ ಓಡಿ ಗೆದ್ದ ಹಾಗೆ.

ಕೂಡಿಸುವ ಹಂಬಲ ಕೆಟ್ಟದ್ದಲ್ಲ. ಹಳೆಯದನ್ನು ಕಾಯುವವರು ಬೇಕು, ಇಲ್ಲದಿದ್ದರೆ ಎಷ್ಟೋ ಒಳ್ಳೆಯ ಕೆಲಸ ಮಣ್ಣುಪಾಲಾಗುತ್ತದೆ. ಆದರೆ ಆಯ್ದುಕೊಳ್ಳುವುದಕ್ಕೂ ಒಂದು ನೀತಿಯುಂಟು. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಕಾಯಕ ಮಾಡುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಬೇಯಿಸಲೊಲ್ಲದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳಂತೆ. ಅದು ಕದ್ದ ಅಕ್ಕಿಯಲ್ಲ, ಯಾರೂ ಕೇಳುವವರೂ ಇರಲಿಲ್ಲ. ಆದರೂ ತಮ್ಮ ಪಾಲು ಎಷ್ಟೆಂದು ಅವಳಿಗೆ ಗೊತ್ತಿತ್ತು.

ಹಾಗಾದರೆ ಆತ ಏನು ಮಾಡಬೇಕಿತ್ತು? “ಕಾಕೂ, ಪೇಟ್ಯಾಗ ಇದಕ್ಕ ಇಷ್ಟು ಬರ್ತದ. ರಿಪೇರಿಗೆ ಇಷ್ಟು ಹೋಗ್ತದ, ನನ್ನ ಶ್ರಮಕ್ಕ ಇಷ್ಟು. ಉಳಿದದ್ದು ನಿಮಗ” ಎಂದಿದ್ದರೆ ಸಾಕಿತ್ತು. ವೈನಿ ಸಂತೋಷದಿಂದ ಕೊಡುತ್ತಿದ್ದರು, ಬಹುಶಃ ಆತ ಹೇಳಿದ್ದಕ್ಕಿಂತ ಕಡಿಮೆಗೇ ಕೊಡುತ್ತಿದ್ದರು. ಫೋಟೋ ಕೊಟ್ಟವರು ರೊಕ್ಕಕ್ಕಾಗಿ ಜಗ್ಗಾಡುತ್ತಿದ್ದರೇ? ಈಗ ಅವರಿಗಿರುವ ನೋವೂ ರೊಕ್ಕದ್ದಲ್ಲ. “ಮಾವನವರ ಫೋಟೋ ಒಂದರ ಉಳೀಬೇಕಾಗಿತ್ತು ನೋಡ್ರಿ ಅಕ್ಕೋರ” ಎನ್ನುತ್ತಾರೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ವಾಚು ಇರಬಹುದು. ಅದಕ್ಕೆ ಪಾಲಿಶ್ ಹಾಕಿಸಬೇಡಿ, ಡಯಲ್ಲಿಗೆ ಬಣ್ಣ ಬಳಿಸಬೇಡಿ, ನಿಂತ ವಾಚಿಗೆ ಜೋರು ಮಾಡಿ ಕೀಲಿ ಕೊಡಬೇಡಿ. ಡಬ್ಬಿ, ರಶೀದಿ ಇದ್ದರೆ ಜೊತೆಗೇ ಇಡಿ. ಯಾರು, ಯಾವಾಗ, ಎಲ್ಲಿ ಕೊಂಡರೆಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಕೊಡುವುದೇ ಆದರೆ ಮೊದಲು ಬಂದವರಿಗೆ ಅಂದೇ ಕೊಡದೆ, ಇಬ್ಬರು ಮೂವರನ್ನು ವಿಚಾರಿಸಿ. ಫೋಟೋ ಕೇಳಿದರೆ ನಕಲು ತೆಗೆಸಿ ಕೊಡಿ, ಮೂಲ ನಿಮ್ಮಲ್ಲೇ ಇರಲಿ.